ಚಿಂಗ್ ಅರಸರ ಚೀನಾದಲ್ಲಿ ಎಂಜಿನಿಯರಿಂಗ್ ಶಾಲೆಗಳೇ ಇರಲಿಲ್ಲವೇ?

ಪ್ರಶ್ನೆ: ಹತ್ತೊಂಬತ್ತನೆಯ ಶತಮಾನದಲ್ಲಿ ಜಪಾನ್ ಮುಂದೆ ಹೋಯಿತು, ಚೀನಾ ಹಿಂದುಳಿಯಿತು ಎನ್ನುತ್ತಾರೆ. ಚೀನಾದಲ್ಲಿ ತಾಂತ್ರಿಕ ಶಿಕ್ಷಣ ಕೊಡುವವರೇ ಇರಲಿಲ್ಲವೇ?

ಉತ್ತರ: ಇದ್ದರು, ಅದೂ ಸಾಕಷ್ಟು ಬೇಗ. ಎರಡು ಅಫೀಮು ಯುದ್ಧಗಳಲ್ಲಿ ಸೋತ ಮೇಲೆ, 1866ರಲ್ಲಿ ಜುವೊ ಜೊಂಗ್‌ತಾಂಗ್ ಎಂಬ ಅಧಿಕಾರಿ ಫುಝೌ ಬಂದರಿನಲ್ಲಿ ಹಡಗು ಕಟ್ಟುವ ಕಾರ್ಖಾನೆಗೆ ಅಡಿಪಾಯ ಹಾಕಿಸಿದ. ಅದರ ಜೊತೆಗೇ ಒಂದು ಶಾಲೆಯೂ ಬಂತು. ಹಡಗು ಕಟ್ಟುವ ವಿದ್ಯೆಯನ್ನು ಫ್ರೆಂಚಿನಲ್ಲಿ, ಹಡಗು ನಡೆಸುವ ವಿದ್ಯೆಯನ್ನು ಇಂಗ್ಲಿಷಿನಲ್ಲಿ ಕಲಿಸುತ್ತಿದ್ದರು. ಊಟ, ವಸತಿ ಉಚಿತ. ಮೇಲೆ ತಿಂಗಳಿಗೆ 4 ಟೇಲ್ ಬೆಳ್ಳಿ, ಅಂದರೆ ಸುಮಾರು 150 ಗ್ರಾಂ.

ಇಷ್ಟೆಲ್ಲ ಕೊಟ್ಟರೂ ಸ್ಥಿತಿವಂತರು ಮಕ್ಕಳನ್ನು ಕಳಿಸಲು ಹಿಂಜರಿದರು. ಚೀನಿಯರಿಗೆ ಯಂತ್ರವೆಂದರೆ ತಾತ್ಸಾರವಿತ್ತು ಎಂದು ಇದಕ್ಕೆ ಕಾರಣ ಹೇಳುವುದುಂಟು. ನನಗೆ ಆ ವಿವರಣೆ ಸಾಲದು. ಊರಲ್ಲಿ ಮರ್ಯಾದೆ, ಸರ್ಕಾರದಲ್ಲಿ ದೊಡ್ಡ ಹುದ್ದೆ ಎರಡೂ ಸಿಗುತ್ತಿದ್ದದ್ದು ಕನ್ಫ್ಯೂಷಿಯಸ್ ಗ್ರಂಥಗಳ ಮೇಲಿನ ಪರೀಕ್ಷೆಯಿಂದ. ಗಣಿತ ಕಲಿತವನಿಗೆ ಆ ದಾರಿ ಇರಲಿಲ್ಲ. ಯಾವ ತಂದೆತಾಯಿ ತಾನೇ ಮಗನನ್ನು ಅಂಥ ಕಡೆ ಸೇರಿಸುತ್ತಾರೆ?

ಯಾನ್ ಫು ಎಂಬವನ ಬದುಕು ನೋಡಿ. 1866ರಲ್ಲಿ ತಂದೆ ತೀರಿಕೊಂಡು ಮನೆ ಕಷ್ಟಕ್ಕೆ ಬಿತ್ತು, ಹುಡುಗ ಫುಝೌ ಶಾಲೆ ಸೇರಿದ. ಪ್ರವೇಶ ಪರೀಕ್ಷೆಗೆ ಕೊಟ್ಟ ಪ್ರಬಂಧದ ವಿಷಯ ಗಣಿತವಲ್ಲ, ತಂದೆತಾಯಿಯರ ಮೇಲಿನ ಭಕ್ತಿ! ಆತನಿಗೇ ಮೊದಲ ಸ್ಥಾನ. ಮುಂದೆ ಇಂಗ್ಲೆಂಡಿನ ಗ್ರೀನಿಚ್ ನೌಕಾ ಕಾಲೇಜಿನಲ್ಲೂ ಓದಿ ಬಂದು ತಿಯನ್‌ಜಿನ್ ನೌಕಾ ಶಾಲೆಯಲ್ಲಿ ಪಾಠ ಹೇಳಿದ. ಇಷ್ಟಾದರೂ 1885ರಿಂದ 1893ರೊಳಗೆ ನಾಲ್ಕು ಸಲ ಆ ಹಳೆಯ ಪರೀಕ್ಷೆಗೆ ಕೂತ, ನಾಲ್ಕೂ ಸಲ ನಪಾಸಾದ. ಅದಿಲ್ಲದೆ ತನ್ನ ಮಾತಿಗೆ ಬೆಲೆಯಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಕಲಿತವರನ್ನು ಬಳಸಿಕೊಳ್ಳುವುದೂ ಸರ್ಕಾರಕ್ಕೆ ಬರಲಿಲ್ಲ. ಅಮೆರಿಕಕ್ಕೆ ಕಳಿಸಿದ್ದ 120 ಹುಡುಗರ ಪೈಕಿ ಹೆಚ್ಚಿನವರನ್ನು 1881ರಲ್ಲಿ ಓದು ಮುಗಿಯುವ ಮೊದಲೇ ವಾಪಸ್ ಕರೆಸಿತು. ಯೇಲ್‌ನಲ್ಲಿ ಸಿವಿಲ್ ಎಂಜಿನಿಯರಿಂಗ್ ಮುಗಿಸಿದ್ದ ಝಾನ್ ತಿಯನ್ಯೌನನ್ನು ಫುಝೌಗೆ ಹಡಗು ನಡೆಸುವುದನ್ನು ಕಲಿಯಲು ಅಟ್ಟಿತು. ರೈಲ್ವೆ ಕೆಲಸ ಅವನ ಕೈಗೆ ಬಂದದ್ದು 1888ರಲ್ಲಿ.

ಹಳೆಯ ಪರೀಕ್ಷೆ ರದ್ದಾದದ್ದು 1905ರಲ್ಲಿ. ಅದೇ ವರ್ಷ ಝಾನ್ ಬೀಜಿಂಗ್-ಝಾಂಗ್‌ಜಿಯಾಕೊ ರೈಲುಮಾರ್ಗದ ಕೆಲಸ ಆರಂಭಿಸಿ, 1909ರಲ್ಲಿ ಮುಗಿಸಿದ. 1910ರಲ್ಲಿ ಆಸ್ಥಾನ ಯಾನ್ ಫು, ಝಾನ್ ಇಬ್ಬರಿಗೂ ಪರೀಕ್ಷೆಯಿಲ್ಲದೆಯೇ ಹಳೆಯ ಕ್ರಮದ ಅತ್ಯುನ್ನತ ಪದವಿಯಾದ ಜಿನ್ಶಿಯನ್ನು ಕೊಟ್ಟಿತು. ಆಗ ಯಾನ್ ಫುಗೆ ಐವತ್ತಾರು ವರ್ಷ.