ಹೋರಿಗೂ ಲೈಸನ್ಸ್ ಬೇಕಿತ್ತು!

ನಾಯಿ ಸಾಕಲು ಪಂಚಾಯತಿನ ಲೈಸನ್ಸ್ ಬೇಕು ಅಂದರೆ ಕಾಸರಗೋಡಿನ ಕಡೆ ಈಗಲೂ ಕೆಲವರಿಗೆ ನಗು ಬರುತ್ತದೆ. ಆದರೆ ನಿಯಮ ಹಳೆಯದೇ. ನಾಯಿ ಮತ್ತು ಹಂದಿಗಳ ಲೈಸನ್ಸಿಗೆಂದೇ ಕೇರಳದಲ್ಲಿ 1998ರಲ್ಲಿ ಪಂಚಾಯತ್ ರಾಜ್ ನಿಯಮ ಬಂದಿತ್ತು. ಅದನ್ನು ಕೇಳುವವರೂ ಕಡಿಮೆ, ಮಾಡಿಸುವವರೂ ಕಡಿಮೆ. 2021ರಲ್ಲಿ ತಿರುವನಂತಪುರದ ಅಡಿಮಲತ್ತುರ ಕಡಲ ಬದಿಯಲ್ಲಿ ಬ್ರೂನೋ ಎಂಬ ಸಾಕುನಾಯಿಯನ್ನು ಹೊಡೆದು ಕೊಂದರು. ಹೈಕೋರ್ಟ್ ತಾನಾಗಿಯೇ ಕೇಸು ಎತ್ತಿಕೊಂಡು, ಸಾಕುಪ್ರಾಣಿಗಳಿಗೆ ಲೈಸನ್ಸ್ ಮಾಡಿಸಿ ಅಂತ ಸ್ಥಳೀಯ ಸಂಸ್ಥೆಗಳಿಗೆ ಹೇಳಿತು. ಆಮೇಲೆಯೇ ಜನ ರೇಬಿಸ್ ಲಸಿಕೆಯ ಸರ್ಟಿಫಿಕೇಟ್ ಹುಡುಕಲು ಶುರು ಮಾಡಿದ್ದು.

ಎಲ್ಲೋ ಏನೋ ತಕರಾರು ಆಗುತ್ತದೆ, ಕಾನೂನು ನಮ್ಮ ಅಂಗಳಕ್ಕೆ ಬರುತ್ತದೆ. ಇಲ್ಲಿ ಮೊದಲಿನಿಂದಲೂ ಹೀಗೇ. 1871ರ ಜಾನುವಾರು ಅತಿಕ್ರಮಣ ಕಾಯ್ದೆಯ ಕಾಲದಲ್ಲಿ ನಾವಿದ್ದದ್ದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿ. ಪರರ ಗದ್ದೆಗೆ ನುಗ್ಗಿದ ದನವನ್ನು ಹಿಡಿದು ದೊಡ್ಡಿಗೆ ಹಾಕುತ್ತಿದ್ದರು. ದಂಡ ಕೊಡಬೇಕು, ಮೇವಿನ ಖರ್ಚೂ ಕೊಡಬೇಕು. ಏಳು ದಿನದಲ್ಲಿ ಯಾರೂ ಬಾರದಿದ್ದರೆ ನೋಟಿಸು, ಮತ್ತೆ ಏಳು ದಿನ ಬಿಟ್ಟು ಏಲಂ. ಆ ಕಾನೂನಿಗೆ ಬೇಕಾದದ್ದು ಬೆಳೆಯ ರಕ್ಷಣೆ. ಹಟ್ಟಿಯಲ್ಲಿ ಯಾವ ದನ ಇದೆ ಅಂತ ಅದು ಕೇಳಲಿಲ್ಲ.

ಅದನ್ನು ಕೇಳಿದ್ದು 1961ರ ಕೇರಳ ಜಾನುವಾರು ಅಭಿವೃದ್ಧಿ ಕಾಯ್ದೆ. ಕಾಸರಗೋಡು ಕೇರಳಕ್ಕೆ ಸೇರಿ ಆಗ ಐದು ವರ್ಷ ಆಗಿತ್ತಷ್ಟೆ. ಬೀಜದ ಹೋರಿ ಇಟ್ಟುಕೊಳ್ಳಬೇಕಾದರೆ ಲೈಸನ್ಸ್ ಬೇಕು. ಇಲ್ಲವಾದರೆ ಬೀಜ ಒಡೆಸಬೇಕು. ಹಾಲು ಜಾಸ್ತಿ ಆಗಬೇಕು ಎಂಬುದು ಉದ್ದೇಶ, ಅದರಲ್ಲಿ ತಪ್ಪೇನಿಲ್ಲ. 1963ರಲ್ಲಿ ಇಡುಕ್ಕಿ ಕಡೆಯ ಮಾಟ್ಟುಪೆಟ್ಟಿಯಲ್ಲಿ ದನದ ತಳಿ ಸುಧಾರಿಸುವ ಇಂಡೋ-ಸ್ವಿಸ್ ಯೋಜನೆ ಬಂತು. ಊರೂರಿಗೆ ಹೋರಿಯ ಬದಲು ಗಬ್ಬ ಕಟ್ಟಿಸುವ ಇಂಜೆಕ್ಷನ್ ಬಂತು, ಮಿಶ್ರತಳಿ ಕರು ಬಂತು, ಹಾಲೂ ಬಂತು.

ಪೆಟ್ಟು ಬಿದ್ದದ್ದು ಊರ ದನಕ್ಕೆ. ನಮ್ಮ ಊರ ತಳಿಯಾದ ಕಾಸರಗೋಡು ಗಿಡ್ಡ ನಿಂತರೆ ಆಳಿನ ಸೊಂಟದ ಹತ್ತಿರ ಬರುತ್ತದೆ, ಅಷ್ಟೆ. ಹಾಲು ದಿನಕ್ಕೆ ಒಂದೆರಡು ಲೀಟರ್. ಬೆಳಿಗ್ಗೆ ಬಿಟ್ಟರೆ ಮುರಕಲ್ಲಿನ ಗುಡ್ಡೆ ಹತ್ತಿ ಸಿಕ್ಕಿದ್ದನ್ನು ತಿಂದು, ಸಂಜೆ ತಾನೇ ಹಟ್ಟಿಗೆ ಬರುತ್ತದೆ. ಹಿಂಡಿಯ ಖರ್ಚಿಲ್ಲ, ಡಾಕ್ಟರ ಖರ್ಚೂ ಕಡಿಮೆ. ಅಡಿಕೆ ತೋಟದವರು ಅದನ್ನು ಸಾಕಿದ್ದು ಹಾಲಿಗಿಂತ ಜಾಸ್ತಿ ಗೊಬ್ಬರಕ್ಕೆ, ಹಟ್ಟಿಗೆ ಸೊಪ್ಪು ಹಾಕಿ ತುಳಿಸಿ ತೆಗೆಯುವ ಗೊಬ್ಬರಕ್ಕೆ. ಹಾಲಿನ ಲೀಟರ್ ಮಾತ್ರ ಅಳೆದವರಿಗೆ ಈ ಲೆಕ್ಕ ಕಾಣಲಿಲ್ಲ. ಹೋರಿಯೇ ಇಲ್ಲದ ಮೇಲೆ ತಳಿ ಎಲ್ಲಿ ಉಳಿಯಬೇಕು?

ತೆಂಕಲಾಗಿ ವೆಚ್ಚೂರು ದನಕ್ಕೂ ಇದೇ ಗತಿ ಆಗಿತ್ತು. 1989ರಲ್ಲಿ ಮಣ್ಣುತ್ತಿಯ ಪಶುವೈದ್ಯ ಕಾಲೇಜಿನ ಪ್ರೊಫೆಸರ್ ಶೋಶಮ್ಮ ಐಪ್ ಮತ್ತು ವಿದ್ಯಾರ್ಥಿಗಳು ಹಳ್ಳಿಹಳ್ಳಿ ಅಲೆದು ಉಳಿದ ದನಗಳನ್ನು ಹುಡುಕಿ ತಂದರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಿಕ್ಕಿತು. ನಮ್ಮ ಗಿಡ್ಡಕ್ಕೆ ಬದಿಯಡ್ಕದ ಬೇಳದಲ್ಲಿ ಸರಕಾರವೇ ಸಂರಕ್ಷಣಾ ಕೇಂದ್ರ ಮಾಡಿದೆ. ಒಂದು ಕಾಲದಲ್ಲಿ ಬೀಜ ಒಡೆಸಿದ ಇಲಾಖೆಯೇ ಈಗ ಬೀಜ ಕಾಯುತ್ತಿದೆ!

2012ರಲ್ಲಿ ಫಾರ್ಮ್ ಲೈಸನ್ಸಿನ ನಿಯಮ ಬಂತು. ಐದಕ್ಕಿಂತ ಜಾಸ್ತಿ ದನ ಇದ್ದರೆ ಅದು ಫಾರ್ಮ್. ಆರು ಜರ್ಸಿಯೂ ಒಂದೇ, ಆರು ಗಿಡ್ಡವೂ ಒಂದೇ. ಸೆಗಣಿ ಎಷ್ಟು ಬೀಳುತ್ತದೆ ಅಂತ ನೋಡಿದರೆ ಎರಡೂ ಒಂದೇ ಅಲ್ಲ, ಅಲ್ವಾ? ರೈತರ ದೂರಿನ ಮೇಲೆ ಮಿತಿ ಆಮೇಲೆ ಸಡಿಲವಾಯಿತು.

ಕಾಡುಪ್ರಾಣಿಯ ಕತೆ ಬೇರೆ. ಊರ ಗಿಳಿಯನ್ನು ಪಂಜರದಲ್ಲಿ ಇಡುವುದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ. ಪೇಟೆಯಲ್ಲಿ ಸಿಗುವ ಆಫ್ರಿಕನ್ ಗ್ರೇ ಗಿಳಿಯಂಥ ವಿದೇಶಿ ಹಕ್ಕಿಗೆ 2024ರ ನಿಯಮದಂತೆ ನೋಂದಣಿ ಬೇಕು. ತೋಟಕ್ಕೆ ನುಗ್ಗುವ ಕಾಡುಹಂದಿಯನ್ನು ಸುಮ್ನೆ ಹೊಡೆಯುವಂತಿಲ್ಲ. 2022ರಿಂದ ಗುಂಡು ಹೊಡೆಸಲು ಆದೇಶ ಕೊಡುವ ಅಧಿಕಾರ ಪಂಚಾಯತ್ ಅಧ್ಯಕ್ಷರಿಗಿದೆ. ಸಾಕು ಹಂದಿಗೆ ಲೈಸನ್ಸ್ ಕೇಳಬೇಕಾದದ್ದೂ ಅದೇ ಪಂಚಾಯತಿನಲ್ಲಿ.

ಕಾಗದಪತ್ರ ಎಲ್ಲ ಮಲಯಾಳದಲ್ಲಿದೆ ಅಂತ ಕೆಲವರು ಹಿಂಜರಿಯುತ್ತಾರೆ. ಕನ್ನಡಿಗರು ಜಾಸ್ತಿ ಇರುವ ಕಡೆ ಸರಕಾರದ ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು. 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದಿದೆ. ಮೃಗಾಸ್ಪತ್ರೆಗೂ ಅದು ಅನ್ವಯ, ಉತ್ತರವೂ ಕನ್ನಡದಲ್ಲೇ ಬರಬೇಕು.