ನೋಂದಣಿ ಆಯ್ತು, ಜಮೀನು ನಿಮ್ಮದಾಯ್ತಾ?

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೋ ತೆಗೆಸಿ, ಹೆಬ್ಬೆಟ್ಟು ಒತ್ತಿ, ಕ್ರಯಪತ್ರ ಕೈಗೆ ಬಂದರೆ ಜಮೀನು ನಮ್ಮದಾಯ್ತು ಅಂತ ಬಹಳ ಜನ ನಂಬಿದ್ದಾರೆ. ಮಾರಿದವರಿಗೆ ನಿಜವಾಗಿ ಹಕ್ಕಿದ್ದರೆ ಮಾತ್ರ ಆ ಮಾತು ಸರಿ. ಹಕ್ಕಿದೆಯೋ ಇಲ್ಲವೋ ಅಂತ ತೀರ್ಮಾನಿಸುವುದು ಆ ಅಧಿಕಾರಿಯ ಕೆಲಸ ಅಲ್ಲ. ಬಂದವರು ಅವರೇನಾ, ಪತ್ರ ಬರೆದುಕೊಟ್ಟಿದ್ದನ್ನು ಒಪ್ಪುತ್ತಾರಾ, ಮುದ್ರಾಂಕ ಶುಲ್ಕ ಪೂರ್ತಿ ಕಟ್ಟಿದ್ದಾರಾ? ಅವರು ಮುಖ್ಯವಾಗಿ ನೋಡುವುದು ಇಷ್ಟೇ. ನಕಲಿ ದಾಖಲೆ ಕಂಡರೆ ತಡೆಯುವ ಅಧಿಕಾರವನ್ನು ಕರ್ನಾಟಕ ಈಚೆಗೆ ಕೊಟ್ಟಿದೆ. ಆದರೂ ಹಕ್ಕಿನ ತಗಾದೆ ಬಗೆಹರಿಯಬೇಕಾದದ್ದು ಸಿವಿಲ್ ಕೋರ್ಟಿನಲ್ಲೇ.

2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಬಿಡಿಸಿ ಹೇಳಿತು. ಮಾರುವವರು ತಮ್ಮ ಮೂಲಪತ್ರ ತೋರಿಸದಿದ್ದರೆ ನೋಂದಣಿ ನಿರಾಕರಿಸಬಹುದು ಅನ್ನುವ ನಿಯಮ ತಮಿಳುನಾಡಿನಲ್ಲಿತ್ತು. ಕೋರ್ಟ್ ಅದನ್ನು ಹೊಡೆದುಹಾಕಿತು. ಮೂಲ ಕಾಯ್ದೆಯೇ ಕೊಡದ ಅಧಿಕಾರವನ್ನು ನಿಯಮ ಕೊಡಲಾಗದು ಎಂಬುದು ಅದರ ತರ್ಕ. ಕೇಳಲು ವಿಚಿತ್ರ, ಅಲ್ವಾ? ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ ಬೇರೆ. ಇಷ್ಟು ಕಟ್ಟಿದ ಮೇಲೂ "ಇದು ನಿಮ್ಮದೇ" ಅಂತ ಸರ್ಕಾರ ಖಾತರಿ ಕೊಡುವುದಿಲ್ಲ.

ಇದು ಇವತ್ತಿನ ಎಡವಟ್ಟಲ್ಲ. ಬ್ರಿಟಿಷರ ಕಾಲದಲ್ಲಿ ಹಿಡಿದ ದಾರಿ. 1864ರಲ್ಲಿ ಬಂದ ನೋಂದಣಿ ಕಾಯ್ದೆ ಹಲವು ಸಲ ಬದಲಾಗಿ, ಈಗಿರುವ 1908ರ ಕಾಯ್ದೆಯಾಯಿತು. ನಡುವೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಬಂತು. 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯನ್ನು ನೋಂದಾಯಿತ ಪತ್ರದಿಂದಲೇ ಮಾರಬೇಕು ಎಂದಿತು. ಆ ನೂರು ರೂಪಾಯಿಯ ಗೆರೆ ಇವತ್ತಿಗೂ ಕಾಯ್ದೆಯಲ್ಲಿ ಹಾಗೇ ಕೂತಿದೆ. ಸರ್ಕಾರಕ್ಕೆ ಆಗ ಬೇಕಿದ್ದದ್ದು ಸುಳ್ಳು ಪತ್ರಗಳ ಕಾಟ ತಪ್ಪಿಸುವುದು. ಪತ್ರದ ಒಂದು ಪ್ರತಿ ಸರ್ಕಾರದ ಪುಸ್ತಕದಲ್ಲಿದ್ದರೆ ಆಮೇಲೆ ಯಾರೂ ತಿದ್ದಲಾಗದು. ಪತ್ರದೊಳಗಿನ ಮಾತು ನಿಜವೋ ಸುಳ್ಳೋ ಎಂಬ ಗೊಡವೆಗೆ ಅದು ಹೋಗಲಿಲ್ಲ. ಜಮೀನಿನ ಪುಸ್ತಕ ಕಂದಾಯ ಇಲಾಖೆಯಲ್ಲಿ ಬೇರೆಯೇ ಇತ್ತು. ಅದನ್ನು ಬರೆದದ್ದು ಕಂದಾಯ ಯಾರಿಂದ ವಸೂಲಿ ಮಾಡಬೇಕು ಅಂತ ತಿಳಿಯಲು. ನಕ್ಷೆ ಮೂರನೆಯ ಕಡೆ, ಸರ್ವೆಯವರ ಬಳಿ.

ಬೇರೆ ದಾರಿಯೂ ಆಗಲೇ ಇತ್ತು. ಅಡಿಲೇಡ್‌ನಲ್ಲಿ ಸುಂಕದ ಅಧಿಕಾರಿಯಾಗಿದ್ದ ರಾಬರ್ಟ್ ಟಾರೆನ್ಸ್ ಮುಂದೆ ನಿಂತು, 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಹೊಸ ಕಾಯ್ದೆ ಜಾರಿಯಾಯಿತು. ಅಲ್ಲಿ ರಿಜಿಸ್ಟರ್‌ನಲ್ಲಿ ಹೆಸರಿರುವವರೇ ಮಾಲೀಕರು. ಹಳೆಯ ಪತ್ರ ಕೆದಕುವ ಕೆಲಸವಿಲ್ಲ. ದಾಖಲೆ ತಪ್ಪಾಗಿ ಯಾರಿಗಾದರೂ ನಷ್ಟವಾದರೆ ಪರಿಹಾರದ ವ್ಯವಸ್ಥೆಯೂ ಇತ್ತು.

ನಮ್ಮ ವ್ಯವಸ್ಥೆಯಲ್ಲಿ ಆ ಕೆದಕುವ ಕೆಲಸ ಕೊಳ್ಳುವವರ ತಲೆಗೆ ಬಿತ್ತು. ಅದಕ್ಕೇ ಲಾಯರು ಮೊದಲು ಕೇಳುವುದು ಇ.ಸಿ. ಅಂದರೆ ಋಣಭಾರ ಪ್ರಮಾಣಪತ್ರ. ವಹಿವಾಟು ನಡೆದಿದ್ದರೆ ನಮೂನೆ 15ರಲ್ಲಿ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ ಬರುತ್ತದೆ. ಸಾಮಾನ್ಯವಾಗಿ 30 ವರ್ಷದ್ದು ಕೇಳುತ್ತಾರೆ. ಆ ಸಂಖ್ಯೆ ಸುಮ್ನೆ ಬಂದದ್ದಲ್ಲ. ಅಡಮಾನ ಬಿಡಿಸಿಕೊಳ್ಳಲು ಸಾಮಾನ್ಯವಾಗಿ ಇರುವ ಕಾಲಮಿತಿ 30 ವರ್ಷ, ಸರ್ಕಾರ ದಾವೆ ಹೂಡಲು ಇರುವ ಮಿತಿಯೂ 30 ವರ್ಷ. ಸರಿಯಾದ ಕಡೆಯಿಂದ ಬಂದ 30 ವರ್ಷ ಹಳೆಯ ಪತ್ರವನ್ನು ಕೋರ್ಟು ಅಸಲಿ ಅಂತ ಭಾವಿಸಬಹುದು.

ಇ.ಸಿ. ಕ್ಲೀನ್ ಇದೆ ಅಂತ ಖುಷಿಪಡುವವರು ಒಂದು ವಿಷಯ ಮರೆಯುತ್ತಾರೆ. ಅದರಲ್ಲಿ ಬರುವುದು ನೋಂದಣಿಯಾದ ಪತ್ರಗಳು ಮಾತ್ರ. ಬಾಯಿಮಾತಿನಲ್ಲಿ ಆದ ಪಾಲು ಬರುವುದಿಲ್ಲ. ನೋಂದಣಿಯಾಗದ ಉಯಿಲು ಬರುವುದಿಲ್ಲ, ಉಯಿಲಿಗೆ ನೋಂದಣಿ ಕಡ್ಡಾಯವೂ ಅಲ್ಲ. ಕೋರ್ಟಿನಲ್ಲಿ ನಡೆಯುತ್ತಿರುವ ಪಾಲಿನ ದಾವೆ ತಾನಾಗಿ ಅಲ್ಲಿ ಕಾಣಿಸುವುದಿಲ್ಲ. ಆದರೆ ದಾವೆ ನಡೆಯುವಾಗ ಕೊಂಡರೆ, ತೀರ್ಪು ಕೊಂಡವರನ್ನೂ ಕಟ್ಟಿಹಾಕುತ್ತದೆ.

ಮನೆಯ ಹೆಣ್ಣುಮಕ್ಕಳ ಹಕ್ಕೂ ಇ.ಸಿ.ಯಲ್ಲಿ ಕಾಣದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದ ಪಾಲು ಕೊಡುವ, ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ ಜಾರಿಯಲ್ಲಿತ್ತು. ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. 2005ರಲ್ಲಿ ತಂದೆ ಬದುಕಿರಬೇಕಿತ್ತು ಅನ್ನುವ ವಾದವನ್ನು 2020ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಆದ ಮಾರಾಟಗಳಿಗೆ ರಕ್ಷಣೆ ಇದೆ. ವಂಶವೃಕ್ಷ ತನ್ನಿ ಅಂತ ಲಾಯರು ಪೀಡಿಸುವುದು ಇದಕ್ಕೇ. ಎಷ್ಟೋ ಕ್ರಯಪತ್ರಗಳ ಕೊನೆಯ ಪುಟದಲ್ಲಿ ಮದುವೆಯಾಗಿ ಹೋದ ಅಕ್ಕತಂಗಿಯರು "ಒಪ್ಪಿಗೆ ಸಾಕ್ಷಿ" ಅಂತ ಸಹಿ ಹಾಕಿರುತ್ತಾರೆ. ನನ್ನ ಪ್ರಕಾರ ಅವರನ್ನು ಮಾರುವವರ ಪಟ್ಟಿಗೇ ಸೇರಿಸುವುದು ವಾಸಿ. ಪಾಲಿದೆ ಅಂದಮೇಲೆ ಹಣದಲ್ಲೂ ಪಾಲು ಬರಬೇಕು ತಾನೇ?

ಇನ್ನೊಂದು ತೊಡಕು 1978ರ ಪಿಟಿಸಿಎಲ್ ಕಾಯ್ದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದರೆ ಆ ಮಾರಾಟ ಅನೂರ್ಜಿತ. ಕೈಬದಲಾಗಿ ಎಷ್ಟನೆಯವರು ಕೊಂಡಿದ್ದರೂ ಜಮೀನು ಹಿಂದಕ್ಕೆ ಹೋಗಬಹುದು. ಅರ್ಜಿ ಹಾಕಲು ಕಾಲಮಿತಿ ಇಲ್ಲ ಅಂತ 2023ರ ತಿದ್ದುಪಡಿ ಹೇಳಿತು. ಸರ್ವೆ ನಂಬರಿನ ಮೂಲ ಮಂಜೂರಾತಿ ಕಡತ ನೋಡದೆ ಮುಂಗಡ ಕೊಡುವುದು ದಡ್ಡತನ.

ಜಿಪಿಎ (ಸಾಮಾನ್ಯ ಅಧಿಕಾರಪತ್ರ) ವ್ಯವಹಾರದ ಕಥೆ ಚಿಕ್ಕದು. ಅಧಿಕಾರಪತ್ರ, ಕರಾರು, ಉಯಿಲು ಮೂರನ್ನೂ ಸೇರಿಸಿ ಸೈಟು ಮಾರುವುದು ದಶಕಗಳ ಕಾಲ ನಡೆಯಿತು. ಇದರಿಂದ ಮಾಲೀಕತ್ವ ಬರುವುದಿಲ್ಲ ಅಂತ 2011ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕಡ್ಡಿ ಮುರಿದಂತೆ ಹೇಳಿತು.

ನೋಂದಣಿ ಆದ ಮೇಲೆ ಪಹಣಿ. ಭೂಮಿ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಗ್ರಾಮಲೆಕ್ಕಿಗರ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಈಗ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಜೆ-ಸ್ಲಿಪ್, ಅಂದರೆ ವಹಿವಾಟಿನ ಮಾಹಿತಿ ಚೀಟಿ, ಕಂದಾಯ ಕಚೇರಿಗೆ ಹೋಗುತ್ತದೆ. ಆಕ್ಷೇಪಣೆಗೆ ಅವಕಾಶ ಕೊಟ್ಟು ಮ್ಯುಟೇಶನ್, ಅಂದರೆ ಪಹಣಿಯಲ್ಲಿ ಹೆಸರು ಬದಲಾವಣೆ, ಮಾಡುತ್ತಾರೆ. ಪಟ್ಟಣಗಳಲ್ಲಿ 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ, ಅಂದರೆ ಕಂಪ್ಯೂಟರಿನಲ್ಲಿರುವ ಆಸ್ತಿ ಖಾತೆ, ಬೇಕು. ಇದರಿಂದ ಒಂದೇ ಸೈಟನ್ನು ಇಬ್ಬರಿಗೆ ಮಾರುವುದು ಕಷ್ಟವಾಗಿದೆ. ಆದರೆ ಪಹಣಿಯಾಗಲಿ ಖಾತೆಯಾಗಲಿ ಹಕ್ಕುಪತ್ರ ಅಲ್ಲ. 1964ರ ಭೂಕಂದಾಯ ಕಾಯ್ದೆಯ 133ನೇ ಕಲಮಿನ ಪ್ರಕಾರ, ಸುಳ್ಳು ಅಂತ ಸಾಬೀತಾಗುವವರೆಗೆ ಪಹಣಿಯಲ್ಲಿರುವುದು ನಿಜ. ಅಷ್ಟೇ.

ಖಾತರಿಯ ಹಕ್ಕು ಕೊಡಿ ಅಂತ ಅರ್ಥಶಾಸ್ತ್ರಜ್ಞ ಡಿ.ಸಿ. ವಾಧ್ವಾ ಅವರು 1989ರಲ್ಲೇ ಯೋಜನಾ ಆಯೋಗಕ್ಕೆ ವರದಿ ಕೊಟ್ಟಿದ್ದರು. 2008ರ ಕೇಂದ್ರದ ಭೂದಾಖಲೆ ಯೋಜನೆಯ ಗುರಿಯೂ ಅದೇ. ಆಂಧ್ರಪ್ರದೇಶ ಇದಕ್ಕಾಗಿ ಮಾಡಿದ ಕಾಯ್ದೆ 2023ರಲ್ಲಿ ಜಾರಿಗೆ ಬಂತು. 2024ರ ಚುನಾವಣೆಯಲ್ಲಿ ದೊಡ್ಡ ಗಲಾಟೆಯಾಯಿತು. ಜಮೀನು ಅಧಿಕಾರಿಗಳ ಕೈಗೆ ಹೋಗುತ್ತದೆ ಅಂತ ಜನ ಹೆದರಿದರು. ಹೊಸ ಸರ್ಕಾರ ಬಂದ ಕೂಡಲೇ ಅದನ್ನು ರದ್ದು ಮಾಡಿತು. 2025ರ ನವೆಂಬರ್‌ನಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಭೂದಾಖಲೆಗೆ ಬ್ಲಾಕ್‌ಚೈನ್ (ಒಮ್ಮೆ ಬರೆದದ್ದನ್ನು ಸುಲಭವಾಗಿ ತಿದ್ದಲಾಗದ ಡಿಜಿಟಲ್ ಪುಸ್ತಕ) ಬಳಸಬಹುದಾ ಅಂತ ಪರಿಶೀಲಿಸಲು ಕಾನೂನು ಆಯೋಗಕ್ಕೆ ಹೇಳಿದೆ. ಆದರೆ ಅದರೊಳಗೆ ಹಾಕುವ ಮೊದಲ ಹೆಸರೇ ಸರಿ ಇರಬೇಕಲ್ಲ? ಕರ್ನಾಟಕದಲ್ಲಿ ಎಷ್ಟೋ ಪಹಣಿಗಳು ಇನ್ನೂ ತೀರಿಹೋದ ಅಜ್ಜ, ಮುತ್ತಜ್ಜರ ಹೆಸರಿನಲ್ಲಿವೆ. ಕಂದಾಯ ಇಲಾಖೆ ಈಗ ಪೌತಿ ಖಾತೆ ಆಂದೋಲನ ನಡೆಸುತ್ತಿರುವುದು ಅವನ್ನು ವಾರಸುದಾರರ ಹೆಸರಿಗೆ ತರಲು.