ಹಂಚಿನ ಊರಿಗೆ ಪ್ಲಾಸ್ಟಿಕ್ ಪಾರ್ಕ್: ಗಂಜಿಮಠದ ಹಿಂದಿನ ಕಥೆ

ಹಳೆಯ ಮಂಗಳೂರು ಹಂಚು ಎಲ್ಲಾದರೂ ಸಿಕ್ಕಿದರೆ ತಿರುಗಿಸಿ ನೋಡಿ. ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯ ಹಂಚಾದರೆ ಕಾರ್ಖಾನೆಯ ಹೆಸರಿನ ಜತೆ 1865 ಎಂಬ ಇಸವಿಯೂ ಒತ್ತಿರುತ್ತದೆ. ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಆ ವರ್ಷ. ಅವರು ಇಲ್ಲಿಗೆ ಬಂದಿದ್ದು ಮುದ್ರಣಾಲಯದ ಕೆಲಸಕ್ಕೆ. ನೇತ್ರಾವತಿ ಮತ್ತು ಗುರುಪುರ ನದಿಗಳ ದಡದ ಜೇಡಿಮಣ್ಣು ಹಂಚಿಗೆ ಹೇಳಿ ಮಾಡಿಸಿದಂತಿತ್ತು. ಮಣ್ಣು ತರಲು ದೋಣಿ, ಮಾಲು ಕಳಿಸಲು ಬಂದರು, ಎರಡೂ ಪಕ್ಕದಲ್ಲೇ ಇದ್ದವು. ಕೆಲಸ ಕಲಿತ ಊರಿನವರು ತಾವೂ ಕಾರ್ಖಾನೆ ಹಾಕಿದರು. ಹಾಗೆ ಬೆಳೆಯಿತು ಮಂಗಳೂರು ಹಂಚು.

ಈಗ ಅದೇ ಗುರುಪುರದ ಹತ್ತಿರ, ಮೂಡುಬಿದಿರೆಗೆ ಹೋಗುವ ದಾರಿಯ ಗಂಜಿಮಠದಲ್ಲಿ, ಪ್ಲಾಸ್ಟಿಕ್ ಪಾರ್ಕಿನ, ಅಂದರೆ ಪ್ಲಾಸ್ಟಿಕ್ ಸಾಮಾನು ಮಾಡುವ ಕಾರ್ಖಾನೆಗಳೆಲ್ಲ ಒಂದೇ ಕಡೆ ಇರುವ ಜಾಗದ, ಯೋಜನೆ ಇದೆ. ಸುಮಾರು 104 ಎಕರೆ ಜಾಗ, 62.77 ಕೋಟಿ ರೂಪಾಯಿ ವೆಚ್ಚ. ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. ಮೆತ್ತನೆಯ ವಸ್ತುವನ್ನು ಅಚ್ಚಿಗೆ ಒತ್ತಿ ಮಾರುವ ಕೆಲಸ ಈ ಊರಿಗೆ ಹೊಸದೇನಲ್ಲ, ಅಲ್ವಾ? ಆದರೆ ಹಂಚಿನ ಹಾಗೆ ಪ್ಲಾಸ್ಟಿಕ್ಕೂ ಊರಿನವರ ಕೈಯಲ್ಲಿ ಬೆಳೆಯುತ್ತದೆಯೇ ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಬಂದದ್ದು ಬಂದರು. ಪಣಂಬೂರಿನ ನವಮಂಗಳೂರು ಬಂದರನ್ನು 1974ರಲ್ಲಿ ದೇಶದ ಪ್ರಮುಖ ಬಂದರೆಂದು ಘೋಷಿಸಿದರು. ಅದಕ್ಕಾಗಿ ಮನೆ, ಜಮೀನು ಬಿಟ್ಟವರು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಹೊಸದಾಗಿ ಬದುಕು ಕಟ್ಟಿಕೊಂಡರು. ಕರಾವಳಿಯ ಉದ್ಯಮದ ಕಥೆ ಹೇಳುವಾಗ ಅವರನ್ನು ಬಿಟ್ಟು ಹೇಳುವುದು ಸರಿಯಲ್ಲ. ಬಂದರು ಇದ್ದದ್ದರಿಂದ ಹಡಗಿನಲ್ಲಿ ಕಚ್ಚಾ ತೈಲ ತರಿಸಬಹುದಿತ್ತು. 1988ರಲ್ಲಿ ತೈಲ ಸಂಸ್ಕರಣೆಗೆಂದು ಎಂಆರ್‌ಪಿಎಲ್ ಕಂಪನಿ ಹುಟ್ಟಿತು. 1996ರಲ್ಲಿ ವರ್ಷಕ್ಕೆ 30 ಲಕ್ಷ ಟನ್ ಸಾಮರ್ಥ್ಯದೊಂದಿಗೆ ತೈಲ ಸಂಸ್ಕರಣೆ ಶುರುವಾಯಿತು. 2003ರಲ್ಲಿ ಕಂಪನಿ ಸರ್ಕಾರಿ ತೈಲ ಸಂಸ್ಥೆ ಒಎನ್‌ಜಿಸಿಯ ಕೈಗೆ ಬಂತು. ಸಾಮರ್ಥ್ಯ ಏರುತ್ತಾ 150 ಲಕ್ಷ ಟನ್ ಮುಟ್ಟಿತು.

ಅಷ್ಟಾದರೂ ಅದು ಪೆಟ್ರೋಲ್, ಡೀಸೆಲ್ಲಿನ ಕಾರ್ಖಾನೆಯೇ. ಪ್ಲಾಸ್ಟಿಕ್ ಬಂದದ್ದು 2015ರಲ್ಲಿ. ತೈಲದ ಭಾರವಾದ ಭಾಗವನ್ನು ಒಡೆದಾಗ ಪ್ರೊಪಿಲೀನ್ ಎಂಬ ಅನಿಲ ಸಿಗುತ್ತದೆ. ಅದರ ಅಣುಗಳನ್ನು ಸರಪಳಿಯಂತೆ ಜೋಡಿಸಿದರೆ ಪಾಲಿಪ್ರೊಪಿಲೀನ್. ಉದ್ಯಮದವರು ಅದನ್ನು ಪಿಪಿ ಅನ್ನುತ್ತಾರೆ. ವರ್ಷಕ್ಕೆ 4.4 ಲಕ್ಷ ಟನ್ ಪಿಪಿ ಮಾಡುವ ಘಟಕ ಇದು. ಸಣ್ಣ ಹರಳುಗಳ ರೂಪದಲ್ಲಿ, ಚೀಲಗಳಲ್ಲಿ ತುಂಬಿ ಹೊರಗೆ ಹೋಗುತ್ತದೆ. ಸಿಮೆಂಟ್ ಚೀಲ, ಕುರ್ಚಿ, ಬಕೆಟ್, ಹಗ್ಗ, ಬಾಟಲಿಯ ಮುಚ್ಚಳ, ಮುಖಗವಸಿನ ಬಟ್ಟೆ, ಇವೆಲ್ಲ ಈ ಹರಳಿನಿಂದಲೇ ಆಗುತ್ತವೆ. ಅಲ್ಲಿಯವರೆಗೆ ಕರ್ನಾಟಕದ ಕಾರ್ಖಾನೆಗಳಿಗೆ ಪಿಪಿ ಬರುತ್ತಿದ್ದುದು ಹೊರಗಿನಿಂದ. ಗುಜರಾತಿನ ವಡೋದರದಲ್ಲಿ ಸರ್ಕಾರದ ಪೆಟ್ರೋಕೆಮಿಕಲ್ ಕಂಪನಿ ಐಪಿಸಿಎಲ್ 1969ರಲ್ಲೇ ಸ್ಥಾಪನೆಯಾಗಿತ್ತು. ಆಮೇಲೆ ಹಜೀರಾ, ಜಾಮ್‌ನಗರ ಬೆಳೆದವು. ಪ್ಲಾಸ್ಟಿಕ್ ಯಂತ್ರ ಮಾಡುವವರೂ ಅಹಮದಾಬಾದಿನಲ್ಲಿ ನೆಲೆಯಾದರು. ನಾವು ತಡವಾಗಿ ಹೊರಟವರು.

ಹರಳು ನಮ್ಮಲ್ಲೇ ಆಗುವಾಗ ಬಕೆಟ್, ಚೀಲವೂ ಇಲ್ಲೇ ಆಗಲಿ ಅನ್ನುವುದು ಸಹಜವಾದ ಆಸೆ. ಕೇಂದ್ರದ ಯೋಜನೆಯೂ ಅದಕ್ಕೆ ಸರಿಯಾಗಿಯೇ ಇತ್ತು. ಪ್ಲಾಸ್ಟಿಕ್ ಪಾರ್ಕಿನ ವೆಚ್ಚದಲ್ಲಿ ಅರ್ಧದವರೆಗೆ, ಗರಿಷ್ಠ 40 ಕೋಟಿ ರೂಪಾಯಿ, ಕೇಂದ್ರ ಕೊಡುತ್ತದೆ. ರಸ್ತೆ, ನೀರು, ಗೋದಾಮು, ತ್ಯಾಜ್ಯ ನೀರಿನ ಶುದ್ಧೀಕರಣದಂಥದ್ದನ್ನು ಎಲ್ಲರಿಗೂ ಸೇರಿ ಒಂದೇ ಕಡೆ ಮಾಡುವುದು ಇದರ ಉದ್ದೇಶ. ಅಸ್ಸಾಮಿನ ತಿನ್ಸುಕಿಯಾ, ಒಡಿಶಾದ ಪಾರಾದೀಪ್ ಕಡೆಯ ಪಾರ್ಕುಗಳ ಹಿಂದೆಯೂ ಇದೇ ಯೋಚನೆ ಇದೆ: ಹರಳು ತಯಾರಾಗುವ ಜಾಗದ ಹತ್ತಿರ ಸಣ್ಣ ಕಾರ್ಖಾನೆಗಳು. ಈ ಯೋಜನೆ ನಡೆಸುವ ಕೇಂದ್ರದ ರಾಸಾಯನಿಕ ಮತ್ತು ರಸಗೊಬ್ಬರ ಇಲಾಖೆ ನೋಡಿಕೊಂಡ ಸಚಿವರಲ್ಲಿ ಅನಂತಕುಮಾರ್, ಸದಾನಂದ ಗೌಡ ಇಬ್ಬರೂ ನಮ್ಮವರು. ಗೌಡರು ಸುಳ್ಯದ ಕಡೆಯವರೇ.

ಆದರೆ ಇಲ್ಲೊಂದು ಲೆಕ್ಕ ಇದೆ. ಹರಳಿನ ಚೀಲ ಲಾರಿಯಲ್ಲಿ ಒತ್ತಾಗಿ ಕೂರುತ್ತದೆ. ಡ್ರಮ್ಮು, ನೀರಿನ ಟ್ಯಾಂಕು ಹಾಗಲ್ಲ. ಅವನ್ನು ಸಾಗಿಸುವಾಗ ಜಾಸ್ತಿ ಸಾಗಿಸುವುದು ಒಳಗಿನ ಗಾಳಿಯನ್ನೇ. ಹಾಗಾಗಿ ದೊಡ್ಡ ಟೊಳ್ಳು ಸಾಮಾನು ಮಾಡುವವರು ಕಚ್ಚಾ ಮಾಲಿನ ಹತ್ತಿರ ಇರುವುದಕ್ಕಿಂತ ಕೊಳ್ಳುವವರ ಹತ್ತಿರ ಇರಲು ನೋಡುತ್ತಾರೆ. ಬೆಂಗಳೂರಿನ ಪೀಣ್ಯದಲ್ಲಿ ಇರುವವರು ಗಂಜಿಮಠಕ್ಕೆ ಬರಬೇಕಾದರೆ ಬಲವಾದ ಕಾರಣ ಬೇಕು. ಮಳೆಗಾಲದಲ್ಲಿ ಶಿರಾಡಿ ಘಾಟಿಯ ಪಾಡು ಎಲ್ಲರಿಗೂ ಗೊತ್ತು. ಕರಾವಳಿಗೆ ಒಗ್ಗುವುದು ಬೇರೆ ಮಾಲು. ಮಡಚಿ ಕಟ್ಟಬಹುದಾದ ನೇಯ್ದ ಚೀಲ, ಮೀನುಗಾರರಿಗೂ ತೋಟದವರಿಗೂ ಬೇಕಾದ ಹಗ್ಗ, ಪಣಂಬೂರಿನಿಂದ ಹಡಗು ಹತ್ತಿಸಬಹುದಾದ ಸಣ್ಣ, ಬೆಲೆಬಾಳುವ ಬಿಡಿಭಾಗ. ಇಂಥದ್ದಕ್ಕೆ ಇಲ್ಲಿ ನಿಜವಾದ ಅನುಕೂಲ ಇದೆ.

ಇದಕ್ಕಿಂತ ದೊಡ್ಡ ವಿಷಯ ಅಚ್ಚು. ಇಂಜೆಕ್ಷನ್ ಯಂತ್ರ ಹರಳನ್ನು ಕರಗಿಸಿ ಉಕ್ಕಿನ ಅಚ್ಚಿನೊಳಕ್ಕೆ ಒತ್ತಡದಿಂದ ತಳ್ಳುತ್ತದೆ. ಅಚ್ಚು ತಣ್ಣಗಾಗಿ ತೆರೆದಾಗ ಸಾಮಾನು ಹೊರಗೆ ಬೀಳುತ್ತದೆ. ಯಂತ್ರವನ್ನು ದುಡ್ಡು ಕೊಟ್ಟರೆ ಯಾರೂ ತರಬಹುದು. ಕೂದಲೆಳೆಯಷ್ಟೂ ತಪ್ಪಿಲ್ಲದೆ ಅಚ್ಚು ಕೊರೆಯುವ ಕೈಗಳು ಸುಮ್ನೆ ಸಿಗುವುದಿಲ್ಲ.

ಫ್ರಾನ್ಸಿನ ಓಯೊನಾಕ್ಸ್ ಎಂಬ ಗುಡ್ಡಗಾಡಿನ ಊರು ನನಗೆ ನೆನಪಾಗುವುದು ಇಲ್ಲೇ. ಅಲ್ಲಿ ತೈಲವೂ ಇಲ್ಲ, ಬಂದರೂ ಇಲ್ಲ. ಅಲ್ಲಿಯವರು ಮೊದಲು ಮರದ ಬಾಚಣಿಗೆ ಮಾಡುತ್ತಿದ್ದರು. ಆಮೇಲೆ ಕೊಂಬಿನದು. 19ನೇ ಶತಮಾನದ ಕೊನೆಗೆ ಸೆಲ್ಯುಲಾಯ್ಡ್ ಎಂಬ ಆರಂಭದ ಕಾಲದ ಪ್ಲಾಸ್ಟಿಕ್ ಬಂದಾಗ ಅದಕ್ಕೆ ತಿರುಗಿದರು. 1889ರಲ್ಲೇ ಊರಿಗೆ ವಿದ್ಯುತ್ ಬಂತು. 1905ರಲ್ಲಿ ದೊಡ್ಡ ಕಟ್ಟಡವೊಂದು ಎದ್ದಿತು. ಸಣ್ಣ ಕಸುಬುದಾರರು ಅದರಲ್ಲಿ ಕೋಣೆ ಬಾಡಿಗೆಗೆ ಹಿಡಿದು, ವಿದ್ಯುತ್ ಹಂಚಿಕೊಂಡು ಕೆಲಸ ಮಾಡುತ್ತಿದ್ದರು. ಒಂದು ರೀತಿಯಲ್ಲಿ ಅದೇ ಅವರ ಪ್ಲಾಸ್ಟಿಕ್ ಪಾರ್ಕ್. 1920ರ ದಶಕದಲ್ಲಿ ಹೆಂಗಸರು ಕೂದಲು ಗಿಡ್ಡ ಮಾಡಿಕೊಂಡಾಗ ಬಾಚಣಿಗೆಗೆ ಹೊಡೆತ ಬಿತ್ತು. ಅದೇ ಕೈಗಳು ಕನ್ನಡಕದ ಫ್ರೇಮು, ಆಟಿಕೆ ಮಾಡಿದವು. ಇವತ್ತಿಗೂ ಆ ಕಣಿವೆಗೆ ಪ್ಲಾಸ್ಟಿಕ್ಕಿನದೇ ಹೆಸರು.

ನಮ್ಮಲ್ಲಿ ಕಲಿಸುವವರು ಇಲ್ಲ ಅಂತಲ್ಲ. ಅಚ್ಚು, ಉಪಕರಣ ಮಾಡಲು ಕಲಿಸುವ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಆಮೇಲೆ ಮಂಗಳೂರಿಗೂ ಬಂತು. ಮೈಸೂರಿನಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ ಸಿಪೆಟ್ ಇದೆ. ಅಲ್ಲಿ ಕಲಿತ ಹುಡುಗರು ಊರಲ್ಲೇ ಉಳಿದು, ಹತ್ತು ವರ್ಷಕ್ಕೆ ತಾವೇ ಒಂದು ಶೆಡ್ ಹಾಕುವಂತಾದರೆ ಮಾತ್ರ ಹಂಚಿನ ಕಾಲದ ಕಥೆ ಮತ್ತೆ ಆಗಬಹುದು.

ಇನ್ನು ಕಸದ ಮಾತು. 2016ರ ಮಾರ್ಚ್‌ನಲ್ಲಿ ಕರ್ನಾಟಕ ಕೈಚೀಲ, ತಟ್ಟೆ, ಲೋಟ, ಫ್ಲೆಕ್ಸುಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಸಾಮಾನುಗಳಿಗೆ ದೇಶವೇ ತಡೆ ಹಾಕಿತು. ಒಂದು ಕಡೆ ನಿಷೇಧ, ಇನ್ನೊಂದು ಕಡೆ ಪಾರ್ಕ್, ಇದೇನು ಅಂತ ಜನ ಕೇಳಿದರೆ ತಪ್ಪಿಲ್ಲ. ಮಂಗಳೂರಿನವರಿಗಂತೂ ಕೇಳುವ ಹಕ್ಕು ಜಾಸ್ತಿಯೇ ಇದೆ. 2019ರ ಆಗಸ್ಟ್‌ನ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜಾರಿತು. ಕೆಳಗಿನ ಮಂದಾರದ ಮನೆ, ಅಡಿಕೆ ತೋಟಗಳು ಅದರಡಿ ಹೂತುಹೋದವು. ಆ ಕಸದಲ್ಲಿ ಎಷ್ಟೊಂದು ಪ್ಲಾಸ್ಟಿಕ್ ಇತ್ತು ಅನ್ನುವುದನ್ನು ಊರು ಕಣ್ಣಾರೆ ಕಂಡಿದೆ.

ಕಾನೂನು ಈಗ ಕಸವನ್ನೂ ಕಚ್ಚಾ ಮಾಲು ಮಾಡುತ್ತಿದೆ. 2022ರ ನಿಯಮದ ಪ್ರಕಾರ ಗಟ್ಟಿ ಪ್ಲಾಸ್ಟಿಕ್ ಪ್ಯಾಕಿಂಗ್‌ನಲ್ಲಿ 2025-26ಕ್ಕೆ ಶೇ 30ರಷ್ಟು ಮರುಬಳಕೆಯ ಪ್ಲಾಸ್ಟಿಕ್ ಇರಬೇಕು. 2028-29ಕ್ಕೆ ಅದು ಶೇ 60. ಆದರೆ ಹಸಿ ಕಸದೊಂದಿಗೆ ಕಲಸಿದ ಪ್ಲಾಸ್ಟಿಕ್ಕಿನಿಂದ ಒಳ್ಳೆಯ ಹರಳು ಬರುವುದಿಲ್ಲ. ಮನೆಯಲ್ಲೇ ಬೇರೆ ಮಾಡಿ, ತೊಳೆದು, ಜಾತಿವಾರು ವಿಂಗಡಿಸಿದ್ದು ಬೇಕು. ಆ ಕೆಲಸ ಈಗ ಮಾಡುತ್ತಿರುವುದು ಚಿಂದಿ ಆಯುವವರು ಮತ್ತು ಗುಜರಿ ಅಂಗಡಿಯವರು. ಗಂಜಿಮಠದಲ್ಲಿ ಎರಡು ಕಟ್ಟಡ ಎಲ್ಲಕ್ಕಿಂತ ಮೊದಲು ಎದ್ದುನಿಲ್ಲಲಿ ಅಂತ ನನ್ನ ಆಸೆ. ಒಂದು, ಹುಡುಗರು ಅಚ್ಚು ಕೊರೆಯಲು ಕಲಿಯುವ ಟೂಲ್ ರೂಮ್. ಇನ್ನೊಂದು, ಈ ಗುಜರಿಯವರ ಮಾಲಿಗೆ ನ್ಯಾಯವಾದ ಬೆಲೆ ಕೊಟ್ಟು ಕೊಳ್ಳುವ ಮರುಬಳಕೆ ಘಟಕ.